ಕೊನೆಯ ಸಾಲಿನ ಆಸನ

ಹಿಂದೆ ನಮ್ಮ ಒಕ್ಕಲು ಮನೆತನಗಳಲ್ಲಿ ಒಂದು ಜೋಡಿ ಎತ್ತು ಕೊಳ್ಳಬೇಕಾದರೆ ಹಿರಿಯರು ಎರಡು ಮೂರು ಜಾತ್ರೆ ತಿರುಗಿ, ಹಲ್ಲು ನೋಡಿ, ಸುಳಿ ನೋಡಿ, ನಡಿಗೆ ನೋಡಿ ವ್ಯಾಪಾರ ಕುದುರಿಸುತ್ತಿದ್ದರು. ಎತ್ತು ಹೊಲಕ್ಕೂ ಆಗಬೇಕು, ಬಂಡಿಗೂ ಆಗಬೇಕು, ಮನೆಯ ಮಕ್ಕಳನ್ನು ಹಾಯದಂತೆಯೂ ಇರಬೇಕು. ಇಂದು ಎತ್ತಿನ ಸ್ಥಾನಕ್ಕೆ ಮೋಟಾರು ವಾಹನ ಬಂದಿದೆ. ಮನೆ ಕಟ್ಟುವುದು, ಮಕ್ಕಳ ಮದುವೆ ಮಾಡುವುದು, ಇವೆರಡನ್ನು ಬಿಟ್ಟರೆ ಮಧ್ಯಮ ವರ್ಗದ ಗೃಹಸ್ಥನು ಒಮ್ಮೆಗೇ ಇಷ್ಟು ದೊಡ್ಡ ಮೊತ್ತವನ್ನು ಬೇರಾವುದಕ್ಕೂ ತೆರುವುದು ವಿರಳ. ಎತ್ತು ಕೊಳ್ಳುವಾಗ ಇದ್ದ ವಿವೇಚನೆ ವಾಹನ ಕೊಳ್ಳುವಾಗಲೂ ಇದೆಯೆ ಎಂಬುದು ವಿಚಾರಿಸಬೇಕಾದ ಮಾತಾಗಿದೆ.

ಶರಣರ ತತ್ವಗಳನ್ನು ಕುರಿತು ಬರೆಯುವ ಪುಟಗಳಲ್ಲಿ ಮೋಟಾರು ಗಾಡಿಯ ಪ್ರಸ್ತಾಪವೇಕೆ ಎಂದು ಓದುಗ ಬಂಧುಗಳಲ್ಲಿ ಕೆಲವರು ಕೇಳಬಹುದು. ಕಾಯಕದಿಂದ ಬಂದ ಹಣವನ್ನು ಹೇಗೆ ವಿನಿಯೋಗಿಸಬೇಕು ಎಂಬ ಪ್ರಶ್ನೆ ಶರಣ ಧರ್ಮದ ಹೊರಗಿನದಲ್ಲ. ಹನ್ನೆರಡನೆಯ ಶತಮಾನದ ಶರಣರು ಅಕ್ಕಿಯ ಅಳತೆಯನ್ನೂ ಹಗ್ಗದ ಬೆಲೆಯನ್ನೂ ಧರ್ಮದ ವಿಷಯವೆಂದೇ ಎಣಿಸಿದವರು. ಅವರ ಹಾದಿಯಲ್ಲಿ ನಡೆಯುವವರು ತಮ್ಮ ಮನೆಯ ವಾಹನವನ್ನು ಧರ್ಮದ ಕಣ್ಣಿನಿಂದ ನೋಡಿದರೆ ತಪ್ಪೇನಿದೆ? ನಮ್ಮ ಮನೆಯಲ್ಲಿ 2025ರ ನವರಾತ್ರಿಯಿಂದ ದೀಪಾವಳಿಯವರೆಗೆ ಇದೇ ವಿಚಾರ ನಡೆಯಿತು. ಅದರಿಂದ ನಮಗೆ ತಿಳಿದುಬಂದ ಕೆಲವು ಸಂಗತಿಗಳು ಇತರ ಕುಟುಂಬಗಳಿಗೂ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತಿದ್ದೇವೆ.

ನಾವು ವಾಸವಾಗಿರುವುದು ಮಂಗಳೂರಿನ ಕಾವೂರಿನಲ್ಲಿ. ಮಹಾಲಿಂಗೇಶ್ವರ ದೇವಾಲಯವೂ ಕೆರೆಯೂ ಇರುವ ಈ ಊರು ಈಗ ನಗರದೊಳಗೆ ಸೇರಿಹೋಗಿದೆ. ಕುದುರೆಮುಖ ಕಬ್ಬಿಣದ ಅದಿರು ಕಂಪನಿಯ ವಸತಿ ಬಡಾವಣೆ ಇಲ್ಲಿದೆ. ಪಣಂಬೂರಿನ ಬಂದರು, ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯ, ತೈಲ ಶುದ್ಧೀಕರಣ ಕಾರ್ಖಾನೆ ಇವೆಲ್ಲ ಹತ್ತಿರದಲ್ಲೇ ಇರುವುದರಿಂದ ಬಯಲುಸೀಮೆಯಿಂದ ಉದ್ಯೋಗಕ್ಕೆಂದು ಬಂದು ನೆಲೆನಿಂತ ನಮ್ಮ ಸಮಾಜದ ಕುಟುಂಬಗಳು ಈ ಸುತ್ತಿನಲ್ಲಿವೆ. ಇಂತಹ ಕುಟುಂಬಗಳಿಗೆ ಅನ್ನ ಘಟ್ಟದ ಕೆಳಗೆ, ಬೇರು ಘಟ್ಟದ ಮೇಲೆ. ಮದುವೆ, ಲಿಂಗದೀಕ್ಷೆ, ಜಾತ್ರೆ, ಹಿರಿಯರ ಸ್ಮರಣೋತ್ಸವ ಯಾವುದೇ ಬರಲಿ, ಶಿರಾಡಿಯನ್ನೋ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಹತ್ತಲೇಬೇಕು. ಆದಕಾರಣ ಇಲ್ಲಿಯ ನಮ್ಮವರಿಗೆ ವಾಹನವೆಂಬುದು ಬಂಧುತ್ವದ ಸೇತುವೆಯೂ ಆಗಿದೆ.

ನಮ್ಮ ಮನೆಯಲ್ಲಿ ಒಟ್ಟು ಏಳು ಮಂದಿ. ಎಂಬತ್ತು ದಾಟಿದ ನಮ್ಮ ತಾಯಿಯವರು, ನಾವು ದಂಪತಿಗಳು, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಐದು ಜನರ ಹಳೆಯ ಕಾರಿನಲ್ಲಿ ಏಳು ಜನ ಹೋಗುವಂತಿರಲಿಲ್ಲ. ಹೊಸ ವಾಹನ ಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವೂ ಇರಲಿಲ್ಲ. ಯಾವುದು ಎಂಬಲ್ಲಿ ಮಾತ್ರ ಮನೆ ಎರಡು ಪಕ್ಷವಾಯಿತು. ಮಗನ ಮನಸ್ಸು ಎತ್ತರದ, ಗಟ್ಟಿ ಮೈಕಟ್ಟಿನ ಎಸ್‌ಯುವಿಯ ಕಡೆಗೆ. ಅವನು ಆರಿಸಿದ್ದು 2021ರಲ್ಲಿ ಮಾರುಕಟ್ಟೆಗೆ ಬಂದ ಮಹೀಂದ್ರಾ ಎಕ್ಸ್‌ಯುವಿ 700. ಸೊಸೆಯ ಒಲವು ಎಂಪಿವಿ ಎಂದು ಕರೆಯಲಾಗುವ, ಜನರನ್ನು ಕೂರಿಸುವುದಕ್ಕೆಂದೇ ಅಳವಡಿಸಿದ ವಾಹನದ ಕಡೆಗೆ. ಅವಳು ತೋರಿಸಿದ್ದು 2025ರ ಮೇ ತಿಂಗಳಿನಲ್ಲಿ ಬಂದ ಕಿಯಾ ಕ್ಯಾರೆನ್ಸ್ ಕ್ಲಾವಿಸ್. ಎರಡೂ ಒಳ್ಳೆಯ ವಾಹನಗಳೇ. ನಾವು ಯಾವ ಕಂಪನಿಯ ಪರವಾಗಿಯೂ ವಿರುದ್ಧವಾಗಿಯೂ ಬರೆಯುತ್ತಿಲ್ಲ. ಹೆಸರು ಹೇಳದೆ ಲೆಕ್ಕ ಹೇಳಿದರೆ ಓದುಗರಿಗೆ ಪ್ರಯೋಜನವಿಲ್ಲವೆಂದು ಹೇಳಿದ್ದೇವೆ.

ಹೆಚ್ಚು ಜನರನ್ನು ಕೂರಿಸುವ ವಾಹನ ನಮ್ಮ ನಾಡಿಗೆ ಹೊಸದಲ್ಲ. 1994ರಲ್ಲಿ ಟಾಟಾ ಸುಮೋ ಬಂದಿತು. 2000ದಲ್ಲಿ ನಮ್ಮ ಬಿಡದಿಯ ಕಾರ್ಖಾನೆಯಿಂದ ಟೊಯೋಟಾ ಕ್ವಾಲಿಸ್ ಹೊರಬಂದು, 2005ರಲ್ಲಿ ಅದರ ಸ್ಥಾನವನ್ನು ಇನ್ನೋವಾ ತುಂಬಿತು. ಮದುವೆಯ ದಿಬ್ಬಣಕ್ಕೂ ತೀರ್ಥಯಾತ್ರೆಗೂ ಇನ್ನೋವಾ ಎಂಬ ಹೆಸರೇ ಪರ್ಯಾಯ ಪದವಾಯಿತು. 2012ರಲ್ಲಿ ಬಂದ ಮಾರುತಿ ಅರ್ಟಿಗಾ ಅದೇ ಸೌಕರ್ಯವನ್ನು ಚಿಕ್ಕ ಗಾತ್ರದಲ್ಲಿ, ಕಡಿಮೆ ಬೆಲೆಯಲ್ಲಿ ಒದಗಿಸಿತು. ಕ್ಯಾರೆನ್ಸ್ ಬಂದದ್ದು 2022ರಲ್ಲಿ. ಅದನ್ನು ತಯಾರಿಸುವ ಕಾರ್ಖಾನೆ ಇರುವುದು ನಮ್ಮ ಗಡಿಗೆ ಅಂಟಿಕೊಂಡಿರುವ ಪೆನುಗೊಂಡೆಯ ಬಳಿ, ವಿಜಯನಗರದ ಅರಸರು ಆಳಿದ ನೆಲದಲ್ಲಿ. ಈ ನಡುವೆ ಎಸ್‌ಯುವಿ ಎಂಬ ಮೂರಕ್ಷರಕ್ಕೆ ಎಂತಹ ಆಕರ್ಷಣೆ ಬಂದಿತೆಂದರೆ, ಎಂಪಿವಿಗಳನ್ನು ಮಾರುವವರೂ ಅವುಗಳ ಮೂತಿಯನ್ನು ಎಸ್‌ಯುವಿಯಂತೆಯೇ ತಿದ್ದತೊಡಗಿದರು.

ಹೆಸರಿನ ಈ ಗೊಂದಲ ಸರಕಾರವನ್ನೂ ಕಾಡಿದೆ. 2022ರ ಡಿಸೆಂಬರಿನಲ್ಲಿ ಸರಕು ಮತ್ತು ಸೇವಾ ತೆರಿಗೆ ಮಂಡಳಿಯು ಎಸ್‌ಯುವಿ ಎಂದರೇನು ಎಂಬುದನ್ನು ಸ್ಪಷ್ಟಪಡಿಸಿತು. ಜನರು ಅದನ್ನು ಆ ಹೆಸರಿನಿಂದ ಕರೆಯುತ್ತಿರಬೇಕು, ಎಂಜಿನ್ 1,500 ಸಿ.ಸಿ.ಗಿಂತ ದೊಡ್ಡದಿರಬೇಕು, ಉದ್ದ 4,000 ಮಿಲಿಮೀಟರನ್ನು ಮೀರಿರಬೇಕು, ತಳವು ನೆಲದಿಂದ 170 ಮಿಲಿಮೀಟರ್ ಅಥವಾ ಹೆಚ್ಚು ಎತ್ತರದಲ್ಲಿರಬೇಕು. ಈ ಲಕ್ಷಣಗಳೆಲ್ಲ ಕೂಡಿದರೆ ಶೇಕಡ 28ರ ತೆರಿಗೆಯ ಮೇಲೆ ಶೇಕಡ 22ರ ಸೆಸ್. 2023ರ ಜುಲೈನಲ್ಲಿ ಮಂಡಳಿ ಹೆಸರಿನ ಷರತ್ತನ್ನು ಕೈಬಿಟ್ಟು, ಯಾವ ಹೆಸರಿನಿಂದ ಕರೆದರೂ ಉಳಿದ ಲಕ್ಷಣಗಳಿದ್ದರೆ ಸಾಕೆಂದಿತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ, ನಾಲ್ಕು ಮೀಟರಿಗಿಂತ ಉದ್ದವಾದ ಇಂತಹ ಪೆಟ್ರೋಲ್, ಡೀಸೆಲ್ ಕಾರುಗಳಿಗೆಲ್ಲ ಶೇಕಡ 40ರ ಒಂದೇ ದರ ಬಂದಿತು. ಹೆಸರನ್ನು ಬಿಟ್ಟು ಲಕ್ಷಣವನ್ನು ನೋಡಬೇಕೆಂಬ ವಿವೇಕ ತೆರಿಗೆಯವರಿಗೆ ಬಂದಿರುವಾಗ ಕೊಳ್ಳುವವರಿಗೂ ಅದು ಇರಬೇಕಷ್ಟೆ.

ಲಕ್ಷಣಗಳನ್ನು ನೋಡೋಣ. ಎಕ್ಸ್‌ಯುವಿ 700ರ ಉದ್ದ 4,695 ಮಿಲಿಮೀಟರ್, ಅಗಲ 1,890. ಕ್ಲಾವಿಸ್‌ನ ಉದ್ದ 4,550, ಅಗಲ 1,800. ಹೊರಗಿನ ಅಳತೆಯಲ್ಲಿ ಎಸ್‌ಯುವಿ ದೊಡ್ಡದು. ಆದರೆ ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿನವರೆಗೆ ಇರುವ ಅಂತರವನ್ನು ಅಳೆದರೆ ಎಸ್‌ಯುವಿಯಲ್ಲಿ 2,750, ಎಂಪಿವಿಯಲ್ಲಿ 2,780. ಕುಳಿತವರ ಕಾಲಿಗೆ ಸಿಗುವ ಜಾಗ ಬಹುಮಟ್ಟಿಗೆ ಈ ಅಂತರವನ್ನು ಅವಲಂಬಿಸಿದೆ. ಹೊರಗೆ ಚಿಕ್ಕದಾಗಿ ಕಾಣುವುದು ಈ ಲೆಕ್ಕದಲ್ಲಿ 30 ಮಿಲಿಮೀಟರ್ ಮುಂದಿದೆ. ಎರಡೂ ವಾಹನಗಳಲ್ಲಿ ಒಡಲು ಮತ್ತು ಚೌಕಟ್ಟು ಒಂದೇ ಆಗಿ ಬೆಸೆದುಕೊಂಡಿವೆ. ಹಳೆಯ ಜೀಪಿನಂತೆ ಪ್ರತ್ಯೇಕ ಉಕ್ಕಿನ ಚೌಕಟ್ಟು ಯಾವುದರಲ್ಲಿಯೂ ಇಲ್ಲ. ಸಾಮಾನ್ಯ ಮಾದರಿಗಳಲ್ಲಿ ಎರಡೂ ಮುಂದಿನ ಗಾಲಿಗಳಿಂದಲೇ ಎಳೆಯಲ್ಪಡುತ್ತವೆ. ಎಂದ ಮೇಲೆ ಇವುಗಳ ಭೇದ ಮೈಕಟ್ಟಿನಲ್ಲಿ, ಎಂಜಿನ್ನಿನಲ್ಲಿ ಮತ್ತು ಒಳಗಿನ ಜಾಗವನ್ನು ಹಂಚಿದ ರೀತಿಯಲ್ಲಿದೆ.

ಎಸ್‌ಯುವಿಯ ಪರವಾಗಿ ಮಗನು ಮಂಡಿಸಿದ ವಾದ ಹಗುರವಾದುದಾಗಿರಲಿಲ್ಲ. ಅದರ ಡೀಸೆಲ್ ಎಂಜಿನ್ 2.2 ಲೀಟರಿನದು. ಹೆಚ್ಚಿನ ಮಾದರಿಯಲ್ಲಿ 185 ಅಶ್ವಶಕ್ತಿ. ಎಂಪಿವಿಯ ಡೀಸೆಲ್ ಎಂಜಿನ್ 1.5 ಲೀಟರಿನದು, 116 ಅಶ್ವಶಕ್ತಿ. ಏಳು ಜನರನ್ನು ಹೊತ್ತು ಆಗುಂಬೆಯ 14 ತಿರುವುಗಳನ್ನು ಹತ್ತುವಾಗ ಈ ಅಂತರ ಅನುಭವಕ್ಕೆ ಬರುತ್ತದೆ. ಇದಕ್ಕಿಂತ ಮುಖ್ಯವಾದುದು ಸುರಕ್ಷತೆ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ 2021ರಲ್ಲಿ ಎಕ್ಸ್‌ಯುವಿ 700 ವಯಸ್ಕರ ರಕ್ಷಣೆಗೆ 5 ನಕ್ಷತ್ರ ಪಡೆಯಿತು. 2022ರಲ್ಲಿ ಮೂಲ ಕ್ಯಾರೆನ್ಸ್ ಪಡೆದದ್ದು 3. ನಾವು ನೋಡಿದ ಕ್ಲಾವಿಸ್ ಅದರ ನಂತರ ಬಂದ ಪರಿಷ್ಕೃತ ರೂಪವಾದುದರಿಂದ ಹಳೆಯ ಅಂಕವನ್ನು ಅದರ ಮೇಲೆ ಹೇರುವುದು ನ್ಯಾಯವಲ್ಲ. ಆದರೂ ಆ ದಿನ ನಮ್ಮ ಕೈಯಲ್ಲಿದ್ದ ಆಧಾರದಂತೆ ಈ ವಿಷಯದಲ್ಲಿ ಎಸ್‌ಯುವಿಯದೇ ಮೇಲುಗೈ. ಇಬ್ಬರು ಚಿಕ್ಕ ಮಕ್ಕಳಿರುವ ಮನೆಯಲ್ಲಿ ತಂದೆಯಾದವನು ಇದನ್ನು ಹಿಡಿದು ಕುಳಿತರೆ ಅವನನ್ನು ಹಟಮಾರಿ ಎನ್ನಲಾಗದು.

ವಾದ ಇಲ್ಲಿಗೆ ಬಂದು ನಿಂತಾಗ ನಮಗೆ ನೆನಪಾದದ್ದು ಮಠದ ದಾಸೋಹ. ನಾವು ಬಾಲ್ಯದಿಂದ ಓದು ಮುಗಿಯುವವರೆಗೆ ಮಠದ ಪ್ರಸಾದ ನಿಲಯದಲ್ಲಿ ಬೆಳೆದವರು. ಅಲ್ಲಿ ಪ್ರಸಾದದ ಹೊತ್ತಿಗೆ ನಮ್ಮ ಗುರುಗಳು ದಾಸೋಹ ಮನೆಗೆ ಬಂದರೆ ಮೊದಲ ಸಾಲಿನ ಬಳಿ ನಿಲ್ಲದೆ ನೇರವಾಗಿ ಕೊನೆಯ ಸಾಲಿಗೆ ನಡೆಯುತ್ತಿದ್ದರು. ಅಲ್ಲಿ ಕುಳಿತ ಚಿಕ್ಕ ಹುಡುಗನ ತಟ್ಟೆಯಲ್ಲಿ ಮುದ್ದೆ ಬಿಸಿಯಾಗಿದೆಯೆ, ಸಾರಿನಲ್ಲಿ ಬೇಳೆ ಉಳಿದಿದೆಯೆ ಎಂದು ನೋಡುತ್ತಿದ್ದರು. ಅಲ್ಲಿ ಸರಿಯಿದ್ದರೆ ಎಲ್ಲೆಡೆಯೂ ಸರಿಯಿರುತ್ತದೆ ಎಂಬುದು ಅವರ ಲೆಕ್ಕ. ಪಂಕ್ತಿಭೇದವಿಲ್ಲದ ದಾಸೋಹ ಶರಣರು ನಮಗೆ ಬಿಟ್ಟುಹೋದ ಬಹುದೊಡ್ಡ ಆಸ್ತಿ. ಅದರ ಪರೀಕ್ಷೆ ನಡೆಯುವುದು ಯಾವಾಗಲೂ ಕೊನೆಯ ಪಂಕ್ತಿಯಲ್ಲಿ.

ಮೂರು ಸಾಲಿನ ವಾಹನವೂ ಒಂದು ಪಂಕ್ತಿಯೇ. ಮುಂದಿನ ಸಾಲಿನವನಿಗೆ ವಿಶಾಲವಾದ ಆಸನ, ದೊಡ್ಡ ಪರದೆ, ತಂಪು ಗಾಳಿ. ನಡುವಿನ ಸಾಲಿನವರಿಗೆ ಬೇಕಾದಷ್ಟು ಸ್ಥಳ. ಮೂರನೆಯ ಸಾಲಿನಲ್ಲಿ ಆಸನ ತಗ್ಗು, ಮೊಣಕಾಲು ಎದೆಯ ಮಟ್ಟಕ್ಕೆ, ಕಿಟಕಿ ಚಿಕ್ಕದು, ಹಿಂದಿನ ಗಾಲಿಯ ಕುಲುಕಾಟವೆಲ್ಲ ನೇರವಾಗಿ ಬೆನ್ನಿಗೆ. ಅಲ್ಲಿ ಯಾರು ಕೂಡಬೇಕು ಎಂಬುದು ನಮ್ಮ ಮನೆಗಳಲ್ಲಿ ಯಾರೂ ಬರೆದಿಡದ, ಎಲ್ಲರೂ ಪಾಲಿಸುವ ಕಟ್ಟಳೆಯಾಗಿದೆ. ಸೊಸೆಯಂದಿರು, ಮಕ್ಕಳು, ಇಲ್ಲವೆ ಮನೆಯಲ್ಲಿ ಆಶ್ರಯ ಪಡೆದ ಯಾರಾದರೂ ಬಡ ಸಂಬಂಧಿ. ಘಟ್ಟದ ತಿರುವುಗಳಲ್ಲಿ ವಾಂತಿ ಬರುವುದೂ ಹಿಂದೆ ಕುಳಿತವರಿಗೇ ಹೆಚ್ಚು. ಆದರೆ ವಾಹನವನ್ನು ಆರಿಸುವವರು ಯಾರು? ಸಾಮಾನ್ಯವಾಗಿ ಅದನ್ನು ನಡೆಸುವವರು, ಎಂದರೆ ಮೊದಲ ಸಾಲಿನವರು. ಬಡಿಸುವವನೇ ತನ್ನ ಎಲೆಯ ಮುಂದೆ ಕುಳಿತು ಅಡುಗೆ ಚೆನ್ನಾಗಿದೆಯೆಂದು ತೀರ್ಪು ಕೊಟ್ಟಂತೆ ಇದು.

ಮನೆಯ ಹಿರಿಯರ ವಿಷಯ ಇನ್ನೂ ಸೂಕ್ಷ್ಮವಾದುದು. ವಾಹನ ಹತ್ತಲು ಕಷ್ಟವಾದಾಗ ಹಿರಿಯರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನೀವೆಲ್ಲ ಹೋಗಿಬನ್ನಿ, ನಾನು ಮನೆ ನೋಡಿಕೊಂಡಿರುತ್ತೇನೆ ಎನ್ನುತ್ತಾರೆ. ಕೇಳಿದವರು ಅವರಿಗೆ ವೈರಾಗ್ಯ ಬಂದಿದೆಯೆಂದು ಭಾವಿಸಿ ಸುಮ್ಮನಾಗುತ್ತಾರೆ. ಆ ಮಾತು ಬರುವುದು ವೈರಾಗ್ಯದಿಂದಲ್ಲ, ಮೊಣಕಾಲಿನಿಂದ. ನಮ್ಮ ತಾಯಿಯವರು ಎರಡು ವರ್ಷಗಳಿಂದ ಹೊನ್ನಾಳಿಯ ಕಡೆಯ ನಮ್ಮ ಮೂಲ ಊರಿಗೆ ಬಂದಿರಲಿಲ್ಲ. ಅಲ್ಲಿ ಅವರ ಕಿರಿಯ ತಂಗಿ ಇದ್ದಾರೆ. ಇಬ್ಬರಿಗೂ ಪರಸ್ಪರ ನೋಡಲು ಎಷ್ಟು ಸಂದರ್ಭಗಳು ಉಳಿದಿವೆಯೋ ಆ ಪರಶಿವನೇ ಬಲ್ಲ. ವಾಹನದ ಆಯ್ಕೆಯಲ್ಲಿ ನಿಜವಾಗಿ ಪಣಕ್ಕಿದ್ದದ್ದು ಇದು ಎಂದು ನಮಗೆ ಅನಿಸಿತು.

ಆದುದರಿಂದ ನಾವು ಒಂದು ಷರತ್ತು ಹಾಕಿದೆವು. ಪರೀಕ್ಷಾರ್ಥ ಓಡಿಸಲು ವಾಹನ ಮನೆಗೆ ಬಂದಾಗ ಮಗನು ನಡೆಸಲಿ, ಮೂರನೆಯ ಸಾಲಿನಲ್ಲಿ ನಾವು ಕೂಡುತ್ತೇವೆ. ಮರಳಿ ಬರುವಾಗ ಸೊಸೆ ನಡೆಸಲಿ, ಮೂರನೆಯ ಸಾಲಿನಲ್ಲಿ ಮಗ ಕೂಡಲಿ. ಮಾರಾಟದ ಹುಡುಗನಿಗೆ ಇದು ವಿಚಿತ್ರವಾಗಿ ಕಂಡಿತು. ಯಜಮಾನರು ಮುಂದೆ ಕುಳಿತುಕೊಳ್ಳಿ, ಅಲ್ಲಿಂದ ನೋಟ ಚೆನ್ನಾಗಿದೆ ಎಂದು ಮತ್ತೆ ಮತ್ತೆ ಹೇಳಿದನು. ನಾವು ಹಿಂದಕ್ಕೆ ಹತ್ತಿದೆವು. ಕಾವೂರಿನಿಂದ ಹೊರಟು, ಫಲ್ಗುಣಿ ನದಿಯ ಮೇಲಿನ ಮರವೂರು ಸೇತುವೆ ದಾಟಿ, ಕೆಂಜಾರಿನ ವಿಮಾನ ನಿಲ್ದಾಣದ ಗುಡ್ಡ ಹತ್ತಿ ಇಳಿದುಬಂದೆವು. ಬೇರೆ ಬೇರೆ ದಿನ, ಎರಡೂ ವಾಹನಗಳಲ್ಲಿ, ಅದೇ ದಾರಿ, ಅದೇ ಕ್ರಮ.

ಎಸ್‌ಯುವಿಯ ಮೊದಲೆರಡು ಸಾಲುಗಳು ಭವ್ಯವಾಗಿದ್ದವು. ಗುಡ್ಡ ಏರುವಾಗ ಅದಕ್ಕೆ ಆಯಾಸವೇ ಇರಲಿಲ್ಲ. ಮೂರನೆಯ ಸಾಲು ಮಕ್ಕಳಿಗೆ ಸಾಕು. ನಮ್ಮಂತಹ ಐದೂಮುಕ್ಕಾಲು ಅಡಿಯವರು ಅರ್ಧ ಗಂಟೆಯ ಮೇಲೆ ಕುಳಿತರೆ ಮಂಡಿ ಮಾತನಾಡತೊಡಗುತ್ತದೆ. ಎಂಪಿವಿಯ ಮೂರನೆಯ ಸಾಲೂ ಅರಮನೆಯಲ್ಲ. ಆದರೆ ಅಲ್ಲಿ ಕಾಲಿಟ್ಟುಕೊಳ್ಳಲು ಎಡೆಯಿತ್ತು, ಗಾಳಿ ಚಾವಣಿಯಿಂದ ಬರುತ್ತಿತ್ತು, ನಡುವಿನ ಆಸನ ಮಡಚಿದಾಗ ತೆರೆಯುವ ದಾರಿ ನಮಗೆ ಸುಲಭವೆನಿಸಿತು. ಹಿಂದಿನಿಂದ ಇಳಿದ ಮಗ ಏನನ್ನೂ ಹೇಳಲಿಲ್ಲ. ಬೆನ್ನನ್ನು ಒಮ್ಮೆ ನೆಟ್ಟಗೆ ಮಾಡಿಕೊಂಡು ಹೆಂಡತಿಯ ಕಡೆ ನೋಡಿದನು. ಅಷ್ಟರಲ್ಲಿ ಅರ್ಧ ತೀರ್ಮಾನವಾಗಿತ್ತು.

ಉಳಿದರ್ಧವನ್ನು ಮಾಡಿದವರು ತಾಯಿಯವರು. ಅವರನ್ನು ಎರಡೂ ವಾಹನಗಳ ನಡುವಿನ ಸಾಲಿಗೆ ಹತ್ತಿಸಿ ನೋಡಿದೆವು. ಎಸ್‌ಯುವಿಗೆ ಹತ್ತುವಾಗ ಅವರು ಬಾಗಿಲ ಹಿಡಿಕೆಯನ್ನು ಹಿಡಿದು, ಸೊಸೆಯ ಭುಜ ಹಿಡಿದು, ಒಂದು ಕ್ಷಣ ನಿಂತು ಮೇಲೇರಬೇಕಾಯಿತು. ಪಾದವಿಡುವ ಮೆಟ್ಟಿಲು ಹಾಕಿಸಿದರೆ ಆದೀತು ಎಂದು ಮಗನೆಂದನು, ಅದೂ ನಿಜವೆ. ಎಂಪಿವಿಯಲ್ಲಿ ಅವರು ಮೊದಲು ಕುಳಿತು ಆಮೇಲೆ ಕಾಲುಗಳನ್ನು ಒಳಗೆ ತೆಗೆದುಕೊಂಡರು. ಯಾರ ಕೈಯನ್ನೂ ಹಿಡಿಯಲಿಲ್ಲ. ವಯಸ್ಸಾದವರಿಗೆ ಆಸನದ ಎತ್ತರ ಸೊಂಟದ ಮಟ್ಟಕ್ಕಿರಬೇಕು. ತೀರ ತಗ್ಗಿದ್ದರೆ ಏಳಲಾಗದು, ತೀರ ಎತ್ತರವಿದ್ದರೆ ಏರಲಾಗದು. ಈ ಅಳತೆ ಯಾವ ಜಾಹೀರಾತಿನಲ್ಲಿಯೂ ಇರುವುದಿಲ್ಲ. ಮನೆಯ ಹಿರಿಯರನ್ನು ಕರೆದೊಯ್ದು ಕೂರಿಸಿ ನೋಡಿದರಷ್ಟೇ ತಿಳಿಯುವಂತಹುದು.

ಹಾಗಾದರೆ ನಕ್ಷತ್ರಗಳ ಮಾತೇನು? ಅದನ್ನು ಬದಿಗೆ ಸರಿಸಲು ನಮಗೆ ಮನಸ್ಸು ಬರಲಿಲ್ಲ. ಆ ಪರೀಕ್ಷೆ ಹೇಗೆ ನಡೆಯುತ್ತದೆಂದು ಮಗನಿಂದಲೇ ವಿವರವಾಗಿ ಓದಿಸಿ ತಿಳಿದೆವು. ವಾಹನವನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ, ಮುಂಭಾಗದ ಒಂದು ಬದಿ ಮಾತ್ರ ತಾಗುವಂತೆ ಅಡ್ಡಗೋಡೆಗೆ ಡಿಕ್ಕಿ ಹೊಡೆಸುತ್ತಾರೆ. ವಯಸ್ಕರ ಗೊಂಬೆಗಳನ್ನು ಮುಂದಿನ ಎರಡು ಆಸನಗಳಲ್ಲಿಯೂ ಮಕ್ಕಳ ಗೊಂಬೆಗಳನ್ನು ಎರಡನೆಯ ಸಾಲಿನಲ್ಲಿಯೂ ಕೂರಿಸಿರುತ್ತಾರೆ. ಮೂರನೆಯ ಸಾಲಿನಲ್ಲಿ ಗೊಂಬೆ ಇರುವುದಿಲ್ಲ. ನಕ್ಷತ್ರಗಳು ಅಮೂಲ್ಯವಾದ ಮಾಹಿತಿ, ಅವನ್ನು ನೋಡದೆ ವಾಹನ ಕೊಳ್ಳಬಾರದು. 2023ರ ಅಕ್ಟೋಬರಿನಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯೂ ಜಾರಿಗೆ ಬಂದಿದೆ. ಆದರೆ ಕೊನೆಯ ಪಂಕ್ತಿಯವರ ಬಗ್ಗೆ ಆ ಡಿಕ್ಕಿ ಪರೀಕ್ಷೆಯೂ ನೇರವಾಗಿ ಏನನ್ನೂ ಹೇಳುವುದಿಲ್ಲ ಎಂಬುದನ್ನು ಮರೆಯಬಾರದು.

ಅಲ್ಲಿ ಕುಳಿತವರನ್ನು ಮೊದಲು ಕಾಯುವುದು ಸೀಟು ಬೆಲ್ಟು. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿಯವರು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಅಪಘಾತದಲ್ಲಿ ತೀರಿಕೊಂಡರು. ಅವರಿದ್ದ ವಾಹನ ಜಗತ್ತಿನ ಉತ್ತಮ ದರ್ಜೆಯದೇ. ಹಿಂದಿನ ಆಸನದಲ್ಲಿದ್ದ ಅವರು ಬೆಲ್ಟು ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದರು. ಮೋಟಾರು ವಾಹನ ಕಾಯಿದೆಯ 194ಬಿ ಕಲಮಿನಂತೆ ಬೆಲ್ಟು ಧರಿಸದಿದ್ದರೆ 1,000 ರೂಪಾಯಿ ದಂಡವಿದೆ. ಹಿಂದೆ ಕುಳಿತವರೂ ಇದಕ್ಕೆ ಹೊರತಲ್ಲ. ಆದರೂ ನಮ್ಮ ಮನೆಗಳಲ್ಲಿ ಹಿಂದಿನ ಸಾಲಿನ ಬೆಲ್ಟು ಆಸನದ ಸಂದಿಯಲ್ಲಿ ಹುದುಗಿಯೇ ಇರುತ್ತದೆ. ಏಳೂ ಜನ ಬೆಲ್ಟು ಹಾಕಿಕೊಳ್ಳದೆ ಗಾಡಿಯನ್ನು ಚಾಲೂ ಮಾಡುವುದಿಲ್ಲ ಎಂಬ ನಿಯಮವನ್ನು ಮಗನೇ ಮಾಡಿದನು. ಸುರಕ್ಷತೆಯ ಬಗ್ಗೆ ಅವನಿಗಿದ್ದ ಕಾಳಜಿ ಹೀಗೆ ಮನೆಯ ಆಚಾರವಾಗಿ ಉಳಿಯಿತು.

ಮಳೆಯ ವಿಷಯವನ್ನೂ ಎತ್ತಬೇಕು. ವರ್ಷಕ್ಕೆ ಸರಾಸರಿ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರು ನಮ್ಮದು. ಕೊಟ್ಟಾರ ಚೌಕಿಯಲ್ಲಿ ನೀರು ನಿಂತಾಗ ಎತ್ತರದ ಗಾಡಿ ಬೇಕೆನಿಸುವುದು ಸಹಜ. ಆದರೆ ಕ್ಲಾವಿಸ್ ತಳವೂ ನೆಲದಿಂದ 195 ಮಿಲಿಮೀಟರ್ ಮೇಲಿದೆ. ಇಂದಿನ ಎಸ್‌ಯುವಿಗಳಿಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ಅಲ್ಲದೆ ನಿಂತ ನೀರಿನಲ್ಲಿ ಎಂಜಿನ್ನನ್ನು ಕೆಡಿಸುವುದು ಗಾಳಿ ಎಳೆದುಕೊಳ್ಳುವ ಕೊಳವೆಯ ಮೂಲಕ ಒಳನುಗ್ಗುವ ನೀರು. ಎತ್ತರದ ಗಾಡಿ ಇದೆಯೆಂಬ ಧೈರ್ಯದಿಂದ ಆಳ ತಿಳಿಯದ ನೀರಿಗೆ ಇಳಿಯುವುದು ಯಾವ ವಾಹನದಲ್ಲಿಯೂ ಸಲ್ಲದು. 2024ರ ಜುಲೈನಲ್ಲಿ ಸಕಲೇಶಪುರದ ಬಳಿ ಶಿರಾಡಿಯ ದಾರಿಯಲ್ಲಿ ಗುಡ್ಡ ಕುಸಿದಾಗ ಚಿಕ್ಕ ಗಾಡಿ, ದೊಡ್ಡ ಗಾಡಿ ಎಂಬ ಭೇದವಿಲ್ಲದೆ ಎಲ್ಲವೂ ಸಾಲಾಗಿ ನಿಂತವು. ಮಳೆಗಾಲದಲ್ಲಿ ಪ್ರಯಾಣವನ್ನು ಒಂದು ದಿನ ಮುಂದೂಡುವ ತಾಳ್ಮೆಗೆ ಸಮನಾದ ರಕ್ಷಣೆ ಯಾವ ಯಂತ್ರದಲ್ಲಿಯೂ ಇಲ್ಲ.

ಇನ್ನು ಪ್ರಮಾಣದ ಪ್ರಶ್ನೆ. ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಓದುಗರು ಬಲ್ಲರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಅವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಪತ್ನಿ ಲಕ್ಕಮ್ಮನವರು ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದರೆಂದು ಶರಣ ಪರಂಪರೆ ಹೇಳುತ್ತದೆ. ಲಕ್ಕಮ್ಮನವರು ಅಕ್ಕಿಯೇ ಬೇಡವೆನ್ನಲಿಲ್ಲ, ಬೇಕಾದಷ್ಟೇ ಬೇಕೆಂದರು. ನಾವೂ ಹಿಂದಿನ ವರ್ಷದ ದಿನಚರಿಯನ್ನು ತೆಗೆದು ಎಣಿಸಿದೆವು. ಏಳು ಜನರೂ ಒಟ್ಟಿಗೆ ಹೋಗಬೇಕಾಗಿದ್ದ ದಿನಗಳು ಇಪ್ಪತ್ತಕ್ಕಿಂತ ಕಡಿಮೆ. ಉಳಿದ ದಿನಗಳಲ್ಲಿ ಮಕ್ಕಳ ಶಾಲೆ, ಆಸ್ಪತ್ರೆ, ಸಂತೆ, ಕೂಳೂರಿನವರೆಗಿನ ಓಡಾಟ. ಅವುಗಳಲ್ಲಿ ಹೆಚ್ಚಿನವು ಸೊಸೆ ಒಬ್ಬಳೇ ನಡೆಸಿಕೊಂಡು ಹೋಗುವಂತಹವು. ಕಾವೂರಿನ ಒಳದಾರಿಗಳಲ್ಲಿ ಎದುರಿನಿಂದ ಬಸ್ಸು ಬಂದಾಗ 90 ಮಿಲಿಮೀಟರ್ ಅಗಲ ಕಡಿಮೆ ಇರುವುದು ಸಣ್ಣ ಸಂಗತಿಯಲ್ಲ.

ಇಪ್ಪತ್ತು ದಿನಕ್ಕಾಗಿ ಏಳು ಆಸನವೇ ಏಕೆ, ಆ ದಿನಗಳಿಗೆ ಬಾಡಿಗೆಯ ಗಾಡಿ ತಂದರಾಗದೆ ಎಂದು ಕೇಳಬಹುದು. ಅನೇಕ ಕುಟುಂಬಗಳಿಗೆ ಅದೇ ಸರಿಯಾದ ಉತ್ತರ, ಅದರಲ್ಲಿ ಕೀಳೇನೂ ಇಲ್ಲ. ನಮ್ಮ ಮನೆಯಲ್ಲಿ ಹಳೆಯ ಕಾರು ಹೇಗಿದ್ದರೂ ಬದಲಾಗಬೇಕಾಗಿತ್ತು, ಮತ್ತು ಹಿರಿಯರು ಬರಲು ಒಪ್ಪುವ ದಿನ ಮೊದಲೇ ಗೊತ್ತಾಗುವುದಿಲ್ಲ. ಬೆಳಗ್ಗೆ ಮೊಣಕಾಲು ಹಗುರವಾಗಿದ್ದರೆ ಬರುತ್ತಾರೆ. ಆಗ ಅವರಿಗೆ ಸ್ಥಳವಿರಬೇಕು.

ಹಣದ ಲೆಕ್ಕವನ್ನೂ ಹೇಳಿಬಿಡುತ್ತೇವೆ. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷದವರೆಗಿನ ಕಾರಿಗೆ ಆಜೀವ ತೆರಿಗೆ ಶೇಕಡ 17, ಅದನ್ನು ದಾಟಿದರೆ ಶೇಕಡ 18. ಆದುದರಿಂದ ಬೆಲೆಯ ಅಂತರ ರಸ್ತೆಗೆ ಬರುವ ಹೊತ್ತಿಗೆ ಇನ್ನಷ್ಟು ಹಿಗ್ಗುತ್ತದೆ. ಎರಡು ವಾಹನಗಳ ನಡುವೆ 4 ಲಕ್ಷ ರೂಪಾಯಿ ಅಂತರವಿದೆಯೆಂದು ಇಟ್ಟುಕೊಳ್ಳೋಣ. ಆ ಹೆಚ್ಚಿನ ಮೊತ್ತವನ್ನು ಶೇಕಡ 9ರ ಬಡ್ಡಿಯಲ್ಲಿ 5 ವರ್ಷಕ್ಕೆ ಸಾಲ ತಂದರೆ ತಿಂಗಳಿಗೆ ಸುಮಾರು 8,300 ರೂಪಾಯಿ ಕಂತು. ಬಡ್ಡಿಯೇ ಒಟ್ಟು 98,000 ರೂಪಾಯಿಯ ಸುಮಾರಿಗಾಗುತ್ತದೆ. ಆ ಬಡ್ಡಿಯ ಹಣ ಯಾವುದಾದರೂ ಮಠದ ಪ್ರಸಾದ ನಿಲಯಕ್ಕೆ ಸಂದರೆ ಎಷ್ಟು ಮಕ್ಕಳ ತಟ್ಟೆ ತುಂಬೀತು ಎಂಬುದನ್ನು ಮಠದಲ್ಲಿ ಉಂಡು ಬೆಳೆದ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಶಕ್ತಿಯಿದ್ದವರು ದೊಡ್ಡ ವಾಹನ ಕೊಳ್ಳಲಿ, ಅಗತ್ಯವಿದ್ದವರೂ ಕೊಳ್ಳಲಿ. ಮದುವೆ ಮನೆಯ ಮುಂದೆ ನಿಲ್ಲಿಸಿದಾಗ ಎತ್ತರವಾಗಿ ಕಾಣಬೇಕೆಂಬ ಒಂದೇ ಕಾರಣಕ್ಕೆ ಸಾಲ ಮಾಡುವುದು, ಅಥವಾ ಅಂತಹ ಗಾಡಿಯನ್ನು ಹೆಣ್ಣಿನ ಕಡೆಯವರಿಂದ ಬಯಸುವುದು, ಕಾಯಕ ಧರ್ಮಕ್ಕೆ ಒಪ್ಪುವ ನಡೆಯಲ್ಲ.

ಕೊನೆಗೆ ನಮ್ಮ ಮನೆಗೆ ಎಂಪಿವಿಯೇ ಬಂದಿತು. ಎಂಜಿನ್ನಿನ ಶಕ್ತಿಯಲ್ಲಿ ನಾವು ಕೆಲವನ್ನು ಬಿಟ್ಟುಕೊಟ್ಟಿದ್ದೇವೆ, ಅದನ್ನು ಘಟ್ಟದಲ್ಲಿ ನಿಧಾನವಾಗಿ ಹೋಗಿ ತುಂಬಿಕೊಳ್ಳುತ್ತೇವೆ. ಮೂರನೆಯ ಸಾಲಿನಲ್ಲಿ ಜನರಿದ್ದರೆ ಹಿಂದೆ ಒಂದೆರಡು ಚೀಲಗಳಿಗಷ್ಟೇ ಸ್ಥಳ. ಈ ಕೊರತೆ ಎರಡೂ ವಾಹನಗಳಿಗೆ ಸಮಾನ. ಸಾಮಾನನ್ನು ಕಡಿಮೆ ಮಾಡುವುದನ್ನು ಮನೆಮಂದಿ ಕಲಿಯುತ್ತಿದ್ದಾರೆ. ಮೂರನೆಯ ಸಾಲಿಗೆ ಸರದಿ ಗೊತ್ತುಮಾಡಿದ್ದೇವೆ. ಹೋಗುವಾಗ ಒಬ್ಬರು, ಬರುವಾಗ ಮತ್ತೊಬ್ಬರು. ತಾಯಿಯವರನ್ನು ಬಿಟ್ಟರೆ ಯಾರಿಗೂ ವಿನಾಯಿತಿಯಿಲ್ಲ.

ದೀಪಾವಳಿಯ ಮರುವಾರ ಮೂಡಬಿದಿರೆ, ಕಾರ್ಕಳ, ಹೆಬ್ರಿ ದಾಟಿ ಆಗುಂಬೆಯನ್ನು ಹತ್ತಿ ಊರಿಗೆ ಹೋಗಿಬಂದೆವು. ತಾಯಿಯವರು ನಡುವಿನ ಸಾಲಿನ ಕಿಟಕಿಯ ಬಳಿ ಕುಳಿತು ತೀರ್ಥಹಳ್ಳಿಯ ತುಂಗೆಯನ್ನು ನೋಡಿದರು, ಶಿವಮೊಗ್ಗ ಬರುವವರೆಗೂ ನಿದ್ರಿಸಲಿಲ್ಲ. ಊರಿನಲ್ಲಿ ಅಕ್ಕತಂಗಿಯರು ಮೂರು ದಿನ ಒಂದೇ ಕೋಣೆಯಲ್ಲಿ ಮಲಗಿ ಏನೇನು ಮಾತನಾಡಿದರೋ ನಮಗೆ ತಿಳಿಯದು. ಹೊರಡುವಾಗ ಯಾರೂ ಅಳಲಿಲ್ಲ. ಯುಗಾದಿಗೆ ಮತ್ತೆ ಬರುತ್ತೇನೆಂದು ತಾಯಿಯವರು ತಾವಾಗಿಯೇ ಹೇಳಿದರು.

ವಾಹನ ಕೊಳ್ಳಲು ಹೊರಟಿರುವ ಸಮಾಜ ಬಾಂಧವರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯ ಲೆಕ್ಕ ಬೇರೆಯಿರಬಹುದು, ನಿಮಗೆ ಎಸ್‌ಯುವಿಯೇ ತಕ್ಕದ್ದಾಗಿರಬಹುದು. ಮಣ್ಣು ದಾರಿಯ ತೋಟದ ಮನೆಯವರಿಗೆ, ನಾಲ್ಕೈದು ಜನರ ಕುಟುಂಬಕ್ಕೆ ಅದು ಒಳ್ಳೆಯ ಆಯ್ಕೆಯೇ. ಯಾವುದನ್ನೇ ಕೊಳ್ಳಿ, ಹಣ ಕೊಡುವ ಮೊದಲು ಮನೆಯ ಯಜಮಾನರು ಕೊನೆಯ ಸಾಲಿನಲ್ಲಿ ಅರ್ಧ ಗಂಟೆ ಕುಳಿತು ನೋಡಿ. ಏಳೂ ಆಸನಗಳಲ್ಲಿ ಭುಜದ ಮೇಲಿಂದ ಹಾಯುವ ಬೆಲ್ಟು ಇದೆಯೆ, ಪಕ್ಕದ ಗಾಳಿಚೀಲ ಹಿಂದಿನವರೆಗೂ ಚಾಚುತ್ತದೆಯೆ ಎಂದು ಕೇಳಿ. ಮನೆಯ ಅತ್ಯಂತ ಹಿರಿಯರನ್ನು ಹತ್ತಿಸಿ ಇಳಿಸಿ ನೋಡಿ. ದಿನವೂ ನಡೆಸುವವರ ಮಾತಿಗೆ ಬೆಲೆ ಕೊಡಿ. ನಿಮ್ಮ ವಾಹನದಲ್ಲಿ ಕೊನೆಯವರಿಗೂ ನೆಮ್ಮದಿಯ ಸ್ಥಳವಿರಲಿ, ನಿಮ್ಮ ದಾರಿಗಳೆಲ್ಲ ನಿರ್ವಿಘ್ನವಾಗಿರಲಿ ಎಂದು ಹಾರೈಸುತ್ತೇವೆ. ಶರಣು ಶರಣಾರ್ಥಿ.